ಚವಳಿಕಾಯಿಯ ಅಂಟು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ರಾಯಚೂರು ಸೀಮೆಯನ್ನು ಹಿಂದಿನವರು ಎಡೆದೊರೆ ನಾಡು ಎಂದು ಕರೆದರು. ಎರಡು ಹೊಳೆಗಳ ಎಡೆಯಲ್ಲಿದ್ದರೂ ಈ ನಾಡಿನ ಬಹುಭಾಗಕ್ಕೆ ನೀರಿನ ಕೊರತೆ ತಪ್ಪಿದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರಿನ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆಗಳು ಹಸುರಾಗಿ ಕಂಗೊಳಿಸುತ್ತವೆ. ಅಲ್ಲಿಂದ ವಾಯವ್ಯಕ್ಕೆ, ಮಸ್ಕಿಯನ್ನು ದಾಟಿ ಲಿಂಗಸುಗೂರಿನ ಕಡೆಗೆ ಸಾಗಿದಂತೆ ನೋಟ ಬದಲಾಗುತ್ತದೆ. ಕಲ್ಲುಗುಡ್ಡಗಳೂ ಮಳೆಯನ್ನೇ ನಂಬಿದ ಹೊಲಗಳೂ ಎದುರಾಗುತ್ತವೆ. ಜೋಳ, ಸಜ್ಜೆ, ತೊಗರಿ, ಕಡಲೆಗಳು ಇಲ್ಲಿನ ಒಣ ಬೇಸಾಯದ ಬೆಳೆಗಳು.

ಈ ಸೀಮೆಗೆ ಹೆಸರು ತಂದ ಸಂಗತಿಗಳು ಹಲವು. 1915ರಲ್ಲಿ ಮಸ್ಕಿಯ ಬಂಡೆಯೊಂದರ ಮೇಲೆ ದೊರೆತ ಶಾಸನದಲ್ಲಿ ಅಶೋಕನ ಹೆಸರೇ ಸ್ಪಷ್ಟವಾಗಿ ಕಾಣಿಸಿಕೊಂಡದ್ದರಿಂದ, ‘ದೇವಾನಾಂಪ್ರಿಯ’ನೆಂಬ ಅರಸನು ಯಾರೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ನೆಲದಾಳದಿಂದ ಚಿನ್ನವನ್ನು ತೆಗೆಯುತ್ತಾರೆ. ಸಿಂಧನೂರು ಭತ್ತದ ಕಣಜವೆಂದು ಪ್ರಸಿದ್ಧವಾಗಿದೆ. ಆದರೆ ಇಲ್ಲಿನ ಸಂತೆಗಳಲ್ಲಿ ಸದ್ದಿಲ್ಲದೆ ಮಾರಾಟವಾಗುವ ಒಂದು ಬಡ ಕಾಯಿಪಲ್ಯಕ್ಕೂ ಜಗತ್ತಿನ ದೊಡ್ಡ ದೊಡ್ಡ ಕಾರ್ಖಾನೆಗಳಿಗೂ ಸಂಬಂಧವಿದೆಯೆಂಬುದು ಬಹು ಜನರಿಗೆ ತಿಳಿಯದು. ಆ ಕಾಯಿಪಲ್ಯವೇ ಚವಳಿಕಾಯಿ.

ಉತ್ತರ ಕರ್ನಾಟಕದ ಚವಳಿಕಾಯಿಯನ್ನೇ ಬೆಂಗಳೂರು, ಮೈಸೂರುಗಳ ಕಡೆ ಗೋರಿಕಾಯಿ ಎನ್ನುತ್ತಾರೆ. ಹಿಂದಿಯಲ್ಲಿ ಅದಕ್ಕೆ ಗವಾರ್ ಎಂದು ಹೆಸರು. ಸಸ್ಯಶಾಸ್ತ್ರಜ್ಞರು ಇದನ್ನು ಸಯಮಾಪ್ಸಿಸ್ ಟೆಟ್ರಗೊನೊಲೋಬ ಎಂದು ಗುರುತಿಸುತ್ತಾರೆ. ತೊಗರಿ, ಹೆಸರು, ಅವರೆಗಳಂತೆ ಇದೂ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಗಿಡ. ಕಾಂಡದ ಉದ್ದಕ್ಕೂ ಗೊಂಚಲು ಗೊಂಚಲಾಗಿ ಚಪ್ಪಟೆಯಾದ, ತುಸು ಒರಟಾದ ಕಾಯಿಗಳು ನೆಟ್ಟಗೆ ನಿಲ್ಲುತ್ತವೆ. ಇದರ ತಾಯಿಬೇರು ಆಳಕ್ಕಿಳಿದು ನೆಲದೊಳಗಿನ ತೇವವನ್ನು ಹೀರಬಲ್ಲದು. ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಭೂಮಿಯ ಫಲವತ್ತತೆಯೂ ಹೆಚ್ಚುತ್ತದೆ. ಮಳೆ ಹಿಂದೆಮುಂದಾದರೂ ಈ ಗಿಡ ತಾಳಿಕೊಳ್ಳುತ್ತದೆ. ಆದರೆ ಬುಡದಲ್ಲಿ ನೀರು ನಿಂತರೆ ತಾಳಲಾರದು. ಆದುದರಿಂದಲೇ ಅದಕ್ಕೆ ಸಿಂಧನೂರಿನ ಭತ್ತದ ಗದ್ದೆಗಿಂತ ಮಸ್ಕಿ, ಲಿಂಗಸುಗೂರುಗಳ ಒಣಹೊಲವೇ ಹೆಚ್ಚು ಒಪ್ಪುತ್ತದೆ.

ಮನೆಯ ಹೆಂಗಸರು ಎಳೆಯ ಚವಳಿಕಾಯಿಯನ್ನು ಮುರಿದು, ನಾರು ತೆಗೆದು, ಬೇಯಿಸಿ, ಗುರೆಳ್ಳು ಅಥವಾ ಶೇಂಗಾ ಪುಡಿಯನ್ನು ಬೆರೆಸಿ ಪಲ್ಯ ಮಾಡುತ್ತಾರೆ. ಜೋಳದ ರೊಟ್ಟಿಯೊಡನೆ ಅದು ಒಳ್ಳೆಯ ಜೊತೆ. ಕಾಯಿ ಬಲಿತು ನಾರಾದರೆ ಅಡುಗೆಗೆ ಬಾರದು. ಅದನ್ನು ದನಗಳ ಮುಂದೆ ಹಾಕುತ್ತಾರೆ, ಇಲ್ಲವೇ ಮುಂದಿನ ಬಿತ್ತನೆಗೆಂದು ಬೀಜಕ್ಕೆ ಬಿಡುತ್ತಾರೆ. ಅಡುಗೆಮನೆಯು ಬೇಡವೆಂದು ಬಿಟ್ಟ ಆ ಬಲಿತ ಕಾಯಿಯ ಬೀಜವೇ ಕಾರ್ಖಾನೆಗೆ ಬೇಕಾದ ವಸ್ತು. ಅದರಿಂದ ತೆಗೆದ ಬಿಳಿಯ ಪುಡಿಗೆ ವ್ಯಾಪಾರದಲ್ಲಿ ಗವಾರ್ ಗಮ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಚವಳಿ ಅಂಟು ಎಂದು ಕರೆಯಬಹುದು. ದ್ರವ ಪದಾರ್ಥಗಳನ್ನು ಗಟ್ಟಿಗೊಳಿಸುವುದು ಅದರ ಮುಖ್ಯ ಗುಣ.

ದ್ರವವನ್ನು ಗಟ್ಟಿಗೊಳಿಸುವ ಕಲೆ ಹೊಸದೇನೂ ಅಲ್ಲ. ನೀರಿನಲ್ಲಿ ಕಲಸಿದ ಜೋಳದ ಹಿಟ್ಟನ್ನು ಒಲೆಯ ಮೇಲಿಟ್ಟು ಕುದಿಸಿದರೆ ಅಂಬಲಿ ಗಟ್ಟಿಯಾಗುತ್ತದೆ. ರೊಟ್ಟಿ ಬಡಿಯುವ ಮುನ್ನ ಹಿಟ್ಟಿಗೆ ಕುದಿಯುವ ಎಸರು ಹಾಕುವುದೂ ಇದೇ ಕಾರಣಕ್ಕಾಗಿ. ಗೋಧಿಯಲ್ಲಿರುವ ಅಂಟಿನಂಶ ಜೋಳದಲ್ಲಿ ಇಲ್ಲ. ಬಿಸಿನೀರು ಸೋಕಿದಾಗ ಜೋಳದ ಪಿಷ್ಟವು ಅರಳಿ ಹಿಟ್ಟಿಗೆ ಜಿಗಿ ಬರುತ್ತದೆ. ಆಗ ರೊಟ್ಟಿ ಹರಿಯುವುದಿಲ್ಲ. ಪಿಷ್ಟಕ್ಕೆ ಹೀಗೆ ಶಾಖ ಬೇಕು. ಚವಳಿ ಅಂಟಿಗೆ ಶಾಖ ಬೇಡ. ತಣ್ಣೀರಿನಲ್ಲಿಯೇ ಅದು ಕರಗಿ ಉಬ್ಬುತ್ತದೆ. ಒಂದು ಲೀಟರು ನೀರಿಗೆ ಕೇವಲ 10 ಗ್ರಾಂ ಪುಡಿಯನ್ನು ಚೆನ್ನಾಗಿ ಕದಡಿ ಸ್ವಲ್ಪ ಹೊತ್ತು ಬಿಟ್ಟರೆ, ನೀರು ಸುಲಭವಾಗಿ ಸುರಿಯಲಾರದಷ್ಟು ಮಂದವಾಗುತ್ತದೆ.

ಈ ಗುಣದ ರಹಸ್ಯವು ಬೀಜದ ರಚನೆಯಲ್ಲಿ ಅಡಗಿದೆ. ತೊಗರಿ ಅಥವಾ ಕಡಲೆಯ ಕಾಳನ್ನು ಒಡೆದರೆ ಸಿಪ್ಪೆ ಕಳಚಿ ಎರಡು ಬೇಳೆಗಳು ಸಿಗುತ್ತವೆ. ಮೊಳಕೆಗೆ ಬೇಕಾದ ಆಹಾರವೆಲ್ಲ ಆ ಬೇಳೆಗಳಲ್ಲಿಯೇ ಇರುತ್ತದೆ. ಚವಳಿ ಬೀಜದಲ್ಲಿ ಸಿಪ್ಪೆಗೂ ಬೇಳೆಗೂ ನಡುವೆ ಮತ್ತೊಂದು ಪದರವಿದೆ. ಭ್ರೂಣಾಹಾರವೆಂದು ಕರೆಯುವ ಈ ಪದರವು ಬೀಜದ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು. ಅಂಟು ಇರುವುದು ಇದರಲ್ಲಿಯೇ. ಒಣನೆಲದಲ್ಲಿ ಬಿದ್ದ ಬೀಜವು ಮೊಳೆಯುವಾಗ ಈ ಪದರವು ನೀರನ್ನು ಹೀರಿ ಹಿಡಿದಿಟ್ಟುಕೊಂಡು ಎಳೆಯ ಮೊಳಕೆಯನ್ನು ಒಣಗದಂತೆ ಕಾಯುತ್ತದೆ. ಅಂದರೆ, ಮನುಷ್ಯನು ಕಾರ್ಖಾನೆಯಲ್ಲಿ ಬಳಸಿಕೊಳ್ಳುವ ಗುಣವು ಗಿಡಕ್ಕೆ ಬರದ ವಿರುದ್ಧ ಬದುಕಲು ನೆರವಾಗುವ ಗುಣವೇ ಆಗಿದೆ.

ರಸಾಯನಶಾಸ್ತ್ರದ ದೃಷ್ಟಿಯಿಂದ ಈ ಅಂಟು ಒಂದು ಬಗೆಯ ಶರ್ಕರಗಳ ಸರಪಣಿ. ಮ್ಯಾನೋಸ್ ಎಂಬ ಸಕ್ಕರೆಯ ಸಾವಿರಾರು ಕಣಗಳು ಒಂದರ ಹಿಂದೊಂದು ಸೇರಿ ಉದ್ದನೆಯ ಎಳೆಯಾಗುತ್ತವೆ. ಸರಾಸರಿ ಎರಡು ಮ್ಯಾನೋಸ್ ಕಣಗಳಿಗೆ ಒಂದರಂತೆ ಗ್ಯಾಲಕ್ಟೋಸ್ ಎಂಬ ಮತ್ತೊಂದು ಸಕ್ಕರೆಯ ಕಣವು ಎಳೆಯ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಪಕ್ಕದ ಈ ಕಣಗಳು ಎಳೆ ಎಳೆಗಳು ಒತ್ತಾಗಿ ಹೆಣೆದುಕೊಳ್ಳುವುದನ್ನು ತಡೆಯುತ್ತವೆ. ನಡುವೆ ಉಳಿದ ಜಾಗದಲ್ಲಿ ನೀರು ಸುಲಭವಾಗಿ ನುಗ್ಗುತ್ತದೆ. ನೀರಿನಿಂದ ಉಬ್ಬಿದ ಉದ್ದನೆಯ ಎಳೆಗಳು ಒಂದಕ್ಕೊಂದು ತೊಡಕಿಕೊಳ್ಳುವುದರಿಂದ ದ್ರವವು ಸಲೀಸಾಗಿ ಹರಿಯದೆ ಮಂದವಾಗುತ್ತದೆ.

ಇದಕ್ಕೆ ಹತ್ತಿರದ ಉದಾಹರಣೆ ಪ್ರತಿ ಮನೆಯಲ್ಲಿಯೂ ಇದೆ. ಒಂದು ಹಿಡಿ ಮೆಂತ್ಯವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಗಾಗುವ ವೇಳೆಗೆ ಕಾಳುಗಳು ಉಬ್ಬಿ ಲೋಳೆ ಬಿಟ್ಟಿರುತ್ತವೆ. ಮೆಂತ್ಯದ ಲೋಳೆಯೂ ಚವಳಿ ಅಂಟೂ ಒಂದೇ ಜಾತಿಯ ವಸ್ತುಗಳು. ಮೆಂತ್ಯದಲ್ಲಿ ಎರಡೂ ಸಕ್ಕರೆಗಳು ಹೆಚ್ಚು ಕಡಿಮೆ ಸಮಪ್ರಮಾಣದಲ್ಲಿರುತ್ತವೆ ಎಂಬುದಷ್ಟೇ ವ್ಯತ್ಯಾಸ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ದೇಶಗಳಲ್ಲಿ ಬೆಳೆಯುವ ಕ್ಯಾರೊಬ್ ಎಂಬ ಮರದ ಬೀಜದಲ್ಲಿಯೂ ಇಂಥ ಅಂಟಿದೆ. ಅದರಲ್ಲಿ ನಾಲ್ಕು ಮ್ಯಾನೋಸ್ ಕಣಗಳಿಗೆ ಒಂದೇ ಗ್ಯಾಲಕ್ಟೋಸ್ ಇರುವುದರಿಂದ ಅದು ಪೂರ್ತಿ ಕರಗಬೇಕಾದರೆ ನೀರನ್ನು ಕಾಯಿಸಬೇಕು.

ಈ ಗಿಡದ ಮೂಲ ಯಾವುದು? ಭಾರತದಲ್ಲಿ ಇದನ್ನು ಬಹುಕಾಲದಿಂದ ಬೆಳೆಯುತ್ತಿದ್ದರೂ ಕಾಡುಗಿಡವಾಗಿ ಇದು ಇಲ್ಲಿ ಎಲ್ಲಿಯೂ ದೊರೆತಿಲ್ಲ. ಇದರ ಹತ್ತಿರದ ಕಾಡುಬಂಧುಗಳು ಆಫ್ರಿಕದ ಒಣ ಪ್ರದೇಶಗಳಲ್ಲಿವೆ. ಈ ಒಗಟಿಗೆ ಅಮೆರಿಕದ ವಿಜ್ಞಾನಿ ಥಿಯೋಡರ್ ಹೈಮೊವಿಟ್ಸ್ 1972ರಲ್ಲಿ ಒಂದು ವಿವರಣೆಯನ್ನು ಮುಂದಿಟ್ಟರು. ಮಧ್ಯಯುಗದಲ್ಲಿ ಅರಬ್ ವರ್ತಕರು ಕುದುರೆಗಳನ್ನು ಹಡಗಿನಲ್ಲಿ ಭಾರತಕ್ಕೆ ತರುತ್ತಿದ್ದರು. ದಾರಿಯಲ್ಲಿ ಕುದುರೆಗಳ ಮೇವಿಗೆಂದು ತಂದ ಆಫ್ರಿಕದ ಕಾಡುಗಿಡದ ಬೀಜಗಳು ಈ ನೆಲದಲ್ಲಿ ಬಿದ್ದು ಬೆಳೆದಿರಬೇಕು. ಕಾಲಕ್ರಮದಲ್ಲಿ ಭಾರತದ ರೈತರು ಅವುಗಳಿಂದಲೇ ಇಂದಿನ ಬೆಳೆಯನ್ನು ರೂಪಿಸಿರಬೇಕು ಎಂಬುದು ಆ ಊಹೆಯ ಸಾರ. ಇದು ಊಹೆಯೇ ಹೊರತು ಸಿದ್ಧಪಟ್ಟ ಸಂಗತಿಯಲ್ಲ. ಆದರೂ ಮುದಗಲ್ಲಿನ ಕೋಟೆಯನ್ನು ಕಂಡವರಿಗೆ ಅದು ಅಸಂಭವವೆನಿಸದು. ಲಿಂಗಸುಗೂರು ತಾಲ್ಲೂಕಿನ ಈ ಕೋಟೆಗಾಗಿಯೂ ರಾಯಚೂರಿಗಾಗಿಯೂ ವಿಜಯನಗರದ ಅರಸರು ಮತ್ತು ದಖನ್ನಿನ ಸುಲ್ತಾನರು ಪದೇ ಪದೇ ಕಾದಾಡಿದರು. ಆ ಸೈನ್ಯಗಳ ಉತ್ತಮ ಕುದುರೆಗಳು ಕಡಲು ದಾಟಿಯೇ ಬಂದಿದ್ದವು. ಕುದುರೆಗಳೊಡನೆ ಅವುಗಳ ಮೇವೂ ಬಂದಿರಬೇಕಲ್ಲವೆ?

ಶತಮಾನಗಳ ಕಾಲ ಕಾಯಿಪಲ್ಯವಾಗಿ, ದನದ ಮೇವಾಗಿ, ಹಸುರೆಲೆ ಗೊಬ್ಬರವಾಗಿ ಉಳಿದಿದ್ದ ಈ ಗಿಡಕ್ಕೆ ಕಾರ್ಖಾನೆಯ ಬಾಗಿಲು ತೆರೆದದ್ದು ಎರಡನೆಯ ಮಹಾಯುದ್ಧ. ಅಮೆರಿಕದ ಕಾಗದದ ಕಾರ್ಖಾನೆಗಳು ಕ್ಯಾರೊಬ್ ಅಂಟನ್ನು ಬಳಸುತ್ತಿದ್ದವು. ಯುದ್ಧದಿಂದಾಗಿ ಮೆಡಿಟರೇನಿಯನ್ ದೇಶಗಳಿಂದ ಅದು ಬರುವುದು ಕಷ್ಟವಾದಾಗ ಬದಲಿ ವಸ್ತುವಿನ ಹುಡುಕಾಟ ನಡೆಯಿತು. 1903ರಷ್ಟು ಹಿಂದೆಯೇ ಭಾರತದಿಂದ ಅಮೆರಿಕಕ್ಕೆ ಹೋಗಿದ್ದ ಚವಳಿಯ ಬೀಜದಲ್ಲಿ ಅಂಥದೇ ಅಂಟು ಇರುವುದು ಕಂಡುಬಂದಿತು. 1950ರ ದಶಕದಿಂದ ಅದರ ಉತ್ಪಾದನೆ ವ್ಯಾಪಾರದ ಮಟ್ಟಕ್ಕೆ ಬೆಳೆಯಿತು. ಇಂದು ಜಗತ್ತಿನ ಚವಳಿ ಬೀಜದಲ್ಲಿ ಸುಮಾರು ಐದನೆಯ ನಾಲ್ಕು ಪಾಲು ಭಾರತದಲ್ಲಿಯೇ ಬೆಳೆಯುತ್ತದೆ. ರಾಜಸ್ಥಾನವೇ ಇದರಲ್ಲಿ ಮೊದಲನೆಯದು. ಹರಿಯಾಣ, ಗುಜರಾತುಗಳು ಅನಂತರದವು.

ಅಂಟನ್ನು ತೆಗೆಯುವ ವಿಧಾನವು ಬೇಳೆ ಮಾಡುವ ಕೆಲಸವನ್ನು ಹೋಲುತ್ತದೆ. ಒಣಗಿದ ಬೀಜವನ್ನು ಶುಚಿಗೊಳಿಸಿ ಯಂತ್ರದಲ್ಲಿ ಒಡೆಯುತ್ತಾರೆ. ಬಿಸಿ ಮಾಡಿ ಉಜ್ಜಿ ಸಿಪ್ಪೆಯನ್ನೂ ಮೊಳಕೆಯ ಭಾಗವನ್ನೂ ಬೇರ್ಪಡಿಸುತ್ತಾರೆ. ಉಳಿಯುವ ಬಿಳಿಯ ಹೋಳುಗಳನ್ನು ತೇವಗೊಳಿಸಿ, ಚಪ್ಪಟೆಯಾಗಿಸಿ, ಬೀಸಿ, ಒಣಗಿಸಿ, ಜರಡಿ ಹಿಡಿದರೆ ಅಂಟಿನ ಪುಡಿ ಸಿದ್ಧವಾಗುತ್ತದೆ. ಬೇರ್ಪಟ್ಟ ಸಿಪ್ಪೆ ಮತ್ತು ಮೊಳಕೆಯ ಭಾಗಗಳೂ ವ್ಯರ್ಥವಲ್ಲ. ಸಸಾರಜನಕ ಹೇರಳವಾಗಿರುವ ಅವು ದನಗಳಿಗೆ ಹಿಂಡಿಯಾಗುತ್ತವೆ.

ಈ ಪುಡಿಯ ಉಪಯೋಗಗಳು ಬಹು ಬಗೆಯವು. ಐಸ್‌ಕ್ರೀಮಿನಲ್ಲಿ ನೀರು ದೊಡ್ಡ ಹರಳುಗಳಾಗಿ ಹೆಪ್ಪುಗಟ್ಟದಂತೆ ತಡೆದು ಅದನ್ನು ನುಣುಪಾಗಿಡುತ್ತದೆ. ಸಾಸು, ಸೂಪುಗಳಲ್ಲಿ ನೀರು ಬೇರೆ, ತಿರುಳು ಬೇರೆ ಆಗದಂತೆ ಹಿಡಿದಿಡುತ್ತದೆ. ಬ್ರೆಡ್ಡು ಬೇಗ ಒಣಗದಂತೆ ಕಾಯುತ್ತದೆ. ಗೋಧಿಯ ಅಂಟಿನಂಶವು ಒಗ್ಗದ ರೋಗಿಗಳಿಗಾಗಿ ಇತರ ಧಾನ್ಯಗಳಿಂದ ಬ್ರೆಡ್ಡು ಮಾಡುವಾಗ ಹಿಟ್ಟಿಗೆ ಜಿಗಿ ತರುತ್ತದೆ. ಇವೆಲ್ಲಕ್ಕೂ ಬೇಕಾಗುವ ಪ್ರಮಾಣ ಅತ್ಯಲ್ಪ. ಸಾಮಾನ್ಯವಾಗಿ ನೂರು ಗ್ರಾಂ ಆಹಾರಕ್ಕೆ ಒಂದು ಗ್ರಾಮಿಗಿಂತಲೂ ಕಡಿಮೆ. ಪೊಟ್ಟಣದ ಮೇಲೆ 412 ಎಂಬ ಅಂಕಿ ಕಂಡರೆ ಅದರೊಳಗೆ ಚವಳಿ ಅಂಟು ಇದೆಯೆಂದು ತಿಳಿಯಬೇಕು. ಆಹಾರದ ಹೊರಗೂ ಇದರ ಕ್ಷೇತ್ರ ವಿಶಾಲವಾಗಿದೆ. ಬಟ್ಟೆಯ ಮೇಲೆ ಬಣ್ಣ ಅಚ್ಚೊತ್ತಲು, ಕಾಗದವನ್ನು ಗಟ್ಟಿಗೊಳಿಸಲು, ಔಷಧದ ಮಾತ್ರೆಗಳನ್ನು ಬಿಗಿಗೊಳಿಸಲು ಇದು ಬೇಕಾಗುತ್ತದೆ.

ಇದಕ್ಕೆ ಅತಿ ದೊಡ್ಡ ಬೇಡಿಕೆ ಬಂದದ್ದು ಮಾತ್ರ ತೈಲಬಾವಿಗಳಿಂದ. ನೆಲದಾಳದ ಬಂಡೆಯೊಳಗೆ ಸಿಕ್ಕಿಕೊಂಡ ತೈಲವನ್ನೂ ಅನಿಲವನ್ನೂ ಹೊರತೆಗೆಯಲು ಅಮೆರಿಕದಲ್ಲಿ ನೀರನ್ನು ಮಹಾ ಒತ್ತಡದಿಂದ ನುಗ್ಗಿಸಿ ಬಂಡೆಯನ್ನು ಸೀಳುತ್ತಾರೆ. ಸೀಳು ಮತ್ತೆ ಮುಚ್ಚಿಕೊಳ್ಳದಂತೆ ನೀರಿನೊಡನೆ ಮರಳನ್ನು ಕಳುಹಿಸಬೇಕು. ಬರಿಯ ನೀರಿನಲ್ಲಿ ಮರಳು ತಳಕ್ಕಿಳಿಯುತ್ತದೆ. ಅಂಟು ಬೆರೆಸಿದ ನೀರು ಅದನ್ನು ಹೊತ್ತು ಸಾಗುತ್ತದೆ. ಈ ಕೆಲಸವು ಒಮ್ಮೆಗೇ ವಿಸ್ತರಿಸಿದಾಗ ಅಂಟಿನ ಬೆಲೆ ಮುಗಿಲಿಗೇರಿತು. 2011ರ ಮಧ್ಯಭಾಗದಲ್ಲಿ ಕ್ವಿಂಟಾಲಿಗೆ ಕೆಲವೇ ಸಾವಿರ ರೂಪಾಯಿ ಇದ್ದ ಬೀಜವು 2012ರ ಆರಂಭದ ತಿಂಗಳುಗಳಲ್ಲಿ ಸುಮಾರು 30,000 ರೂಪಾಯಿಗಳವರೆಗೆ ಏರಿತು. 2012ರ ಮಾರ್ಚಿಯಲ್ಲಿ ಸರ್ಕಾರವು ಅದರ ವಾಯಿದೆ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. 2012-13ರಲ್ಲಿ ಭಾರತದಿಂದ ರಫ್ತಾದ ಚವಳಿ ಅಂಟಿನ ಮೌಲ್ಯ ಸುಮಾರು 21,000 ಕೋಟಿ ರೂಪಾಯಿಗಳು. ದಕ್ಷಿಣದ ರಾಜ್ಯಗಳಲ್ಲಿಯೂ ಇದನ್ನು ಬೀಜಕ್ಕಾಗಿ ಬಿತ್ತುವ ಪ್ರಯತ್ನಗಳು ನಡೆದವು. ಆದರೆ ಆ ಸುಗ್ಗಿ ಬಹುಕಾಲ ಉಳಿಯಲಿಲ್ಲ. ಹೆಚ್ಚು ಜನ ಹೆಚ್ಚು ಬಿತ್ತಿದರು. ತೈಲ ಕಂಪನಿಗಳು ಬದಲಿ ವಸ್ತುಗಳನ್ನು ಅರಸಿದವು. 2014ರ ಕೊನೆಯಲ್ಲಿ ತೈಲದ ಬೆಲೆಯೇ ಕುಸಿಯಿತು. ಬೀಜದ ಬೆಲೆ ಮತ್ತೆ ಕೆಲವು ಸಾವಿರಗಳಿಗೆ ಇಳಿಯಿತು. ಎಲ್ಲಿಯೋ ದೂರದ ಬಾವಿಯ ಏರಿಳಿತವು ಒಣಹೊಲದ ರೈತನ ಬದುಕನ್ನು ಹೇಗೆ ತೂಗಬಲ್ಲದೆಂಬುದಕ್ಕೆ ಇದು ಸಾಕ್ಷಿ. ಅಂಟಿನ ಕಾರ್ಖಾನೆಗಳು ಹೆಚ್ಚಾಗಿರುವುದು ರಾಜಸ್ಥಾನ, ಹರಿಯಾಣ, ಗುಜರಾತುಗಳಲ್ಲಿ. ಆದುದರಿಂದ ಮಸ್ಕಿಯ ರೈತನು ಇದನ್ನು ಬೀಜಕ್ಕಾಗಿ ಬೆಳೆಯಬೇಕೆಂದರೆ ಬಿತ್ತುವ ಮೊದಲೇ ಕೊಳ್ಳುವವರು ಯಾರೆಂದು ವಿಚಾರಿಸುವುದು ಜಾಣತನ.

ಬೆಲೆಯ ಮಾತು ಹಾಗಿರಲಿ; ಕಾರ್ಖಾನೆಯ ಪುಡಿಯನ್ನು ಆಹಾರದಲ್ಲಿ ಬೆರೆಸುವುದು ಕ್ಷೇಮವೇ ಎಂಬ ಸಂದೇಹ ಹಲವರಲ್ಲಿದೆ. ಈ ಪ್ರಶ್ನೆಯನ್ನು ವಿಜ್ಞಾನಿಗಳು ಬಹುಕಾಲದಿಂದ ಪರೀಕ್ಷಿಸಿದ್ದಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು 1975ರಲ್ಲಿ ಇದನ್ನು ಪರಿಶೀಲಿಸಿ, ಇದರ ಸೇವನೆಗೆ ದಿನಕ್ಕಿಷ್ಟೇ ಎಂಬ ಮಿತಿಯನ್ನು ಅಂಕಿಯಲ್ಲಿ ಸೂಚಿಸಬೇಕಾದ ಅಗತ್ಯವಿಲ್ಲವೆಂದು ತೀರ್ಮಾನಿಸಿತು. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2017ರಲ್ಲಿ ಮತ್ತೊಮ್ಮೆ ಪರಿಶೀಲಿಸಿ ಸಾಮಾನ್ಯ ಜನರ ಮಟ್ಟಿಗೆ ಅದೇ ಅಭಿಪ್ರಾಯಕ್ಕೆ ಬಂದಿತು. ತೀರ ಎಳೆಯ ಶಿಶುಗಳ ವಿಷಯದಲ್ಲಿ ಮಾತ್ರ ಇನ್ನಷ್ಟು ಮಾಹಿತಿ ಬೇಕೆಂದು ಹೇಳಿತು. ಮನುಷ್ಯನ ಜಠರವು ಈ ಅಂಟನ್ನು ಜೀರ್ಣಿಸಲಾರದು. ಅದು ನಾರಿನಂತೆ ದೊಡ್ಡ ಕರುಳಿಗೆ ಸಾಗಿ ಅಲ್ಲಿನ ಸೂಕ್ಷ್ಮಾಣುಗಳಿಗೆ ಆಹಾರವಾಗುತ್ತದೆ. ಊಟದೊಡನೆ ಇದು ಸೇರಿದಾಗ ಸಕ್ಕರೆಯು ರಕ್ತಕ್ಕೆ ನಿಧಾನವಾಗಿ ಸೇರುವುದೆಂದು 1970ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಹಾಗೆಂದು ಇದು ಮಧುಮೇಹದ ಔಷಧಕ್ಕೆ ಬದಲಿಯಲ್ಲ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುವುದೂ ಉಂಟು.

ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. 1990ರ ಸುಮಾರಿನಲ್ಲಿ ಅಮೆರಿಕದಲ್ಲಿ ಈ ಅಂಟಿನ ಒಣಪುಡಿಯನ್ನೇ ಮಾತ್ರೆ ಮಾಡಿ, ತೂಕ ಇಳಿಸುವ ಮದ್ದೆಂದು ಮಾರಿದರು. ನುಂಗಿದ ಮಾತ್ರೆಯು ಅನ್ನನಾಳದಲ್ಲಿಯೇ ನೀರು ಹೀರಿ ಉಬ್ಬಿ ದಾರಿಯನ್ನು ಕಟ್ಟಿತು. ಹಲವರು ಆಸ್ಪತ್ರೆ ಸೇರಿದರು, ಸಾವೂ ಸಂಭವಿಸಿತು. ಸರ್ಕಾರವು ಆ ಮಾತ್ರೆಗಳ ಮಾರಾಟವನ್ನು ತಡೆಯಿತು. ಐಸ್‌ಕ್ರೀಮಿನಲ್ಲಿ ಅಪಾಯ ತಾರದ ವಸ್ತುವೇ ಮಾತ್ರೆಯಲ್ಲಿ ಪ್ರಾಣಕ್ಕೆ ಎರವಾಯಿತು. ಮೊದಲನೆಯದರಲ್ಲಿ ಅಂಟು ಅಲ್ಪ ಪ್ರಮಾಣದಲ್ಲಿದ್ದು ನೀರನ್ನು ಆಗಲೇ ಕುಡಿದು ತಣಿದಿರುತ್ತದೆ. ಎರಡನೆಯದರಲ್ಲಿ ಅದು ಒಣಗಿ, ನೀರಿಗಾಗಿ ಕಾದಿರುತ್ತದೆ. ಆದ್ದರಿಂದ ಈ ಪುಡಿಯನ್ನು ಎಂದಿಗೂ ಒಣಗಿದ್ದಂತೆ ನುಂಗಬಾರದು. ಇದರ ನುಣ್ಣನೆಯ ಧೂಳು ಉಸಿರಿನೊಡನೆ ಸೇರಿದರೆ ಕೆಲವರಿಗೆ ಉಬ್ಬಸ ಬರುವುದೂ ಕಂಡುಬಂದಿದೆ. ಇದನ್ನು ಬಳಸುವ ಕಾರ್ಖಾನೆಗಳ ಕೆಲಸಗಾರರಿಗೆ ಮೂಗುಬಾಯಿಗಳ ರಕ್ಷಣೆ ಅಗತ್ಯ.

ಶುದ್ಧತೆಯ ಪ್ರಶ್ನೆಯೂ ಇಷ್ಟೇ ಮುಖ್ಯ. 2007ರಲ್ಲಿ ಭಾರತದಿಂದ ಯೂರೋಪಿಗೆ ಹೋದ ಚವಳಿ ಅಂಟಿನ ಕೆಲವು ಸರಕಿನಲ್ಲಿ ಪೆಂಟಾಕ್ಲೋರೋಫಿನಾಲ್ ಎಂಬ ಶಿಲೀಂಧ್ರನಾಶಕವೂ ಡಯಾಕ್ಸಿನ್ ಎಂಬ ಘೋರ ವಿಷವೂ ಬೆರೆತಿರುವುದು ಬೆಳಕಿಗೆ ಬಂದಿತು. ದೋಷವು ಗಿಡದ್ದಾಗಿರಲಿಲ್ಲ, ಬೀಜದ್ದಾಗಿರಲಿಲ್ಲ. ಮನುಷ್ಯನು ಬೆರೆಸಿದ ರಾಸಾಯನಿಕದ್ದಾಗಿತ್ತು. ಮರುವರ್ಷವೇ ಯೂರೋಪಿನ ಒಕ್ಕೂಟವು ಪ್ರಯೋಗಾಲಯದ ಪರೀಕ್ಷಾ ವರದಿಯಿಲ್ಲದ ಸರಕನ್ನು ಒಳಗೆ ಬಿಡಬಾರದೆಂದು ನಿಯಮ ಮಾಡಿತು. ಒಬ್ಬರ ಅಜಾಗರೂಕತೆಯಿಂದ ಹಲವರ ಶ್ರಮದ ಫಲಕ್ಕೆ ಕಳಂಕ ತಟ್ಟುವುದೆಂಬ ಪಾಠವನ್ನು ಆ ಪ್ರಸಂಗ ಕಲಿಸಿತು.

ಒಂದು ವಸ್ತುವು ಹೊಲದಿಂದ ಬಂದಿತೆಂದ ಮಾತ್ರಕ್ಕೆ ಎಲ್ಲ ರೀತಿಯಲ್ಲಿಯೂ ನಿರಪಾಯವೆಂದು ನಂಬುವುದು ಸರಿಯಲ್ಲ. ಕಾರ್ಖಾನೆಯಿಂದ ಬಂದಿತೆಂದ ಮಾತ್ರಕ್ಕೆ ಅದನ್ನು ವಿಷವೆಂದು ಹೆದರುವುದೂ ಸರಿಯಲ್ಲ. ಅದರ ಪ್ರಮಾಣವೇನು, ಬಳಸುವ ರೀತಿ ಯಾವುದು, ಶುದ್ಧತೆ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳಿ ನಿರ್ಧರಿಸುವುದು ವಿವೇಕಿಯ ಲಕ್ಷಣ. ಸಿಂಧನೂರಿನ ಅಂಗಡಿಯಲ್ಲಿ ಐಸ್‌ಕ್ರೀಮನ್ನು ಕೊಳ್ಳುವ ಹುಡುಗನೂ ಲಿಂಗಸುಗೂರಿನ ಸಂತೆಯಲ್ಲಿ ಚವಳಿಕಾಯಿಯನ್ನು ಆಯ್ದುಕೊಳ್ಳುವ ತಾಯಿಯೂ ಒಂದೇ ಗಿಡದ ಋಣದಲ್ಲಿದ್ದಾರೆ. ಮಳೆ ಕಡಿಮೆಯಾದ ವರ್ಷವೂ ಮಸ್ಕಿಯ ಹೊಲದ ಬದುವಿನಲ್ಲಿ ಆ ಗಿಡ ಗೊಂಚಲು ಹೊತ್ತು ನಿಂತಿರುತ್ತದೆ. ಸಿಕ್ಕ ಹನಿ ನೀರನ್ನು ಬಿಡದೆ ಹಿಡಿದಿಟ್ಟುಕೊಳ್ಳುವ ಗುಣವನ್ನು ಅದರ ಬೀಜವು ತನ್ನೊಳಗೆ ಕಾಪಾಡಿಕೊಂಡಿರುತ್ತದೆ.